ಬೆತ್ತವಲ್ಲದ ಬೆತ್ತ

ಹಗಲಿನ ಬಿಸಿಲು ಇಳಿದ ಮೇಲೆ ಕಟ್ಟೆಗೆ ನೀರು ಚಿಮುಕಿಸಿ ಮನೆಯ ಹಿರಿಯರು ಹೊರಗೆ ಬಂದು ಕುಳಿತುಕೊಳ್ಳುವ ಪದ್ಧತಿ ನಮ್ಮ ಊರುಗಳಲ್ಲಿ ಬಹು ಹಿಂದಿನದು. ಕುಳಿತುಕೊಳ್ಳುವ ಸಾಧನಗಳು ಮಾತ್ರ ಕಾಲಕಾಲಕ್ಕೆ ಬದಲಾಗುತ್ತ ಬಂದಿವೆ. ಕಂಬಳಿ ಇತ್ತು, ಈಚಲ ಚಾಪೆ ಇತ್ತು, ನುಲಿಯಿಂದ ಹೆಣೆದ ಹೊರಸು ಇತ್ತು. ಅನಂತರ ನವಾರಪಟ್ಟಿಯ ಮಂಚ ಬಂದಿತು. ಅನುಕೂಲಸ್ಥರ ಪಡಸಾಲೆಗೆ ಬೆತ್ತದ ಕುರ್ಚಿ ಬಂದಿತು. 1970 ಮತ್ತು 80ರ ದಶಕಗಳಲ್ಲಿ ಕಬ್ಬಿಣದ ಸರಳಿನ ಚೌಕಟ್ಟಿಗೆ ಹಸಿರು, ಹಳದಿ, ಕೆಂಪು ಪ್ಲಾಸ್ಟಿಕ್ ವಾಯರು ಬಿಗಿದ ಕುರ್ಚಿಗಳು ಮನೆಮನೆಗೂ ಬಂದವು. ಅವುಗಳ ಮೇಲೆ ಕುಳಿತು ಎದ್ದಾಗ ತೊಡೆಯ ಮೇಲೆ ಮೂಡುತ್ತಿದ್ದ ಬರೆಗಳನ್ನು ಆ ಕಾಲದ ಮಕ್ಕಳು ಮರೆತಿರಲಾರರು.

ಈಗ ಅಂಗಳ, ಮಾಳಿಗೆ, ಕಲ್ಯಾಣ ಮಂಟಪದ ಉದ್ಯಾನ ಎಲ್ಲೆಡೆ ಕಾಣುವುದು ಇನ್ನೊಂದು ಬಗೆಯ ಆಸನ. ದೂರದಿಂದ ನೋಡಿದರೆ ಅಪ್ಪಟ ಬೆತ್ತ. ಕಂದು ಬಣ್ಣ, ತೊಗಟೆಯಂತಹ ಗೆರೆ, ಒತ್ತೊತ್ತಾದ ಹೆಣಿಗೆ. ಹತ್ತಿರ ಹೋಗಿ ಉಗುರಿನಿಂದ ಕೆರೆದರೆ ಪ್ಲಾಸ್ಟಿಕ್. 'ಮಳೆಗೂ ಆಗುತ್ತದೆ, ಬಿಸಿಲಿಗೂ ಆಗುತ್ತದೆ' ಎಂಬ ಮಾತಿನೊಡನೆ ಅದನ್ನು ಮಾರುತ್ತಾರೆ. ಆ ಮಾತನ್ನು ನಂಬಿದವರಲ್ಲಿ ನಾವೂ ಒಬ್ಬರು.

2020ರ ದೀಪಾವಳಿಯ ಸಮಯಕ್ಕೆ ನಗರದ ಅಂಗಡಿಯೊಂದರಿಂದ ಎರಡು ಕುರ್ಚಿಗಳನ್ನೂ ಒಂದು ಪುಟ್ಟ ಮೇಜನ್ನೂ ತಂದು ಮಾಳಿಗೆಯ ಮೇಲೆ ಇರಿಸಿದೆವು. ಎಪ್ಪತ್ತಾರು ವರ್ಷದ ನಮ್ಮ ತಾಯಿಯವರಿಗೆ ಸಂಜೆಯ ಗಾಳಿಯಲ್ಲಿ ಕುಳಿತು ಪುಸ್ತಕ ಓದುವುದೆಂದರೆ ಬಲು ಪ್ರೀತಿ. ಆ ಕುರ್ಚಿಗಳು ಮುಖ್ಯವಾಗಿ ಅವರಿಗಾಗಿಯೇ ಬಂದಿದ್ದವು. ಎರಡು ಬೇಸಿಗೆಗಳು ಕಳೆಯುವಷ್ಟರಲ್ಲಿ ಬಣ್ಣ ಮಾಸಿತು. ಬಟ್ಟೆಗೆ ಬಿಳಿಯ ಪುಡಿ ಅಂಟತೊಡಗಿತು. ಧೂಳೆಂದು ಭಾವಿಸಿ ಒರೆಸುತ್ತಿದ್ದೆವು. 2022ರ ಮೇ ತಿಂಗಳ ಒಂದು ಸಂಜೆ ತಾಯಿಯವರು ಎಂದಿನಂತೆ ಕುಳಿತೊಡನೆ ಒಣಕಡ್ಡಿ ಮುರಿದ ಸದ್ದಾಗಿ ಆಸನದ ಪಟ್ಟಿಗಳು ಒಂದರ ಹಿಂದೊಂದು ತುಂಡಾದವು. ಚೌಕಟ್ಟಿನೊಳಗೆ ಕುಸಿದವರು ನೆಲಕ್ಕೆ ಕೈಯೂರಿದರು. ಮಣಿಕಟ್ಟಿನ ಎಲುಬು ಮುರಿಯಿತು. ಆರು ವಾರ ಕೈಗೆ ಪ್ಲಾಸ್ಟರ್ ಹಾಕಿಸಬೇಕಾಯಿತು. ಜಡೆ ಹಾಕಿಕೊಳ್ಳುವುದಕ್ಕೂ ಇನ್ನೊಬ್ಬರ ಕೈ ಕಾಯುವ ಸ್ಥಿತಿ ಅವರಿಗೆ ನೋವಿಗಿಂತ ಹೆಚ್ಚು ಕಷ್ಟವೆನಿಸಿತು.

ಅಂಗಡಿಗೆ ಹೋಗಿ ತುಂಡುಗಳನ್ನು ತೋರಿಸಿದಾಗ ಅಲ್ಲಿದ್ದವರು ಕೇಳಿದ್ದು ಒಂದೇ ಪ್ರಶ್ನೆ: "ಬಿಸಿಲಾಗ ಇಟ್ಟಿದ್ದೀರೇನ್ರಿ? ಬಿಸಿಲಾಗ ಇಡಬಾರದಾಗಿತ್ರಿ." ಹೊರಾಂಗಣಕ್ಕೆಂದೇ ಮಾರಿದ ಕುರ್ಚಿಯನ್ನು ಬಿಸಿಲಿನಲ್ಲಿ ಇಡಬಾರದಿತ್ತಂತೆ! ಜಗಳವಾಡಿ ಪ್ರಯೋಜನವಿರಲಿಲ್ಲ. ಆದರೆ ಈ ವಸ್ತು ಏನು, ಏಕೆ ಹೀಗಾಯಿತು, ಎಲ್ಲವೂ ಹೀಗೆಯೇ ಆಗುತ್ತದೆಯೇ ಎಂಬುದನ್ನು ತಿಳಿದುಕೊಳ್ಳಬೇಕೆಂಬ ಹಟ ನಮ್ಮಲ್ಲಿ ಮೂಡಿತು. ತಿಳಿದುಬಂದ ಸಂಗತಿಗಳನ್ನು ಓದುಗರ ಮುಂದಿಡುತ್ತಿದ್ದೇವೆ.

ಅನುಕರಣೆಯ ಹಳೆಯ ಕಥೆ

ಬೆತ್ತವೆಂಬುದು ಬಳ್ಳಿಯಂತೆ ಮರವನ್ನೇರುವ ಒಂದು ಬಗೆಯ ತಾಳೆ. ಬಿದಿರಿನಂತೆ ಟೊಳ್ಳಲ್ಲ, ಒಳಗೆಲ್ಲ ಗಟ್ಟಿ. ಹೊರಗಿನ ನುಣುಪಾದ ಸಿಪ್ಪೆಯಿಂದ ಆಸನದ ಜಾಲರಿಯನ್ನೂ ಒಳಗಿನ ತಿರುಳಿನಿಂದ ಹೆಣಿಗೆಯ ಬುಟ್ಟಿ, ಕುರ್ಚಿಗಳನ್ನೂ ಮಾಡುತ್ತಾರೆ. ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಬೆತ್ತವಿದೆಯಾದರೂ ಜಗತ್ತಿಗೆ ಹೆಚ್ಚಿನ ಬೆತ್ತವನ್ನು ಒದಗಿಸಿರುವುದು ಇಂಡೋನೇಷ್ಯಾ. ಬೆತ್ತದ ದೌರ್ಬಲ್ಯವೆಂದರೆ ನೀರು. ಸಡಿಲಾದ ಆಸನಕ್ಕೆ ಕೆಳಗಿನಿಂದ ನೀರು ಸವರಿ ಒಣಗಿಸಿದರೆ ಅದು ಮತ್ತೆ ಬಿಗಿಯಾಗುವುದನ್ನು ಹಳಬರು ಬಲ್ಲರು. ಆದರೆ ಮಳೆಯಲ್ಲಿಯೇ ಬಿಟ್ಟರೆ ಬೂಷ್ಟು ಹಿಡಿದು ಕೊಳೆಯುತ್ತದೆ.

ಆದ್ದರಿಂದ ಬೆತ್ತಕ್ಕೆ ಬದಲಿಯನ್ನು ಹುಡುಕುವ ಯತ್ನ ನೂರು ವರ್ಷಗಳಿಗೂ ಹಿಂದಿನದು. 1917ರಲ್ಲಿ ಅಮೆರಿಕದ ಮಾರ್ಷಲ್ ಬರ್ನ್ಸ್ ಲಾಯ್ಡ್ ಎಂಬವರು ಕಾಗದವನ್ನು ಹಗ್ಗದಂತೆ ಹೊಸೆದು, ಲಂಬವಾದ ಎಳೆಗಳ ನಡುವೆ ಉಕ್ಕಿನ ತಂತಿಯನ್ನಿಟ್ಟು ನೇಯುವ ವಿಧಾನವನ್ನು ಕಂಡುಹಿಡಿದರು. ಕಾಗದದ ಕುರ್ಚಿ ಎಂದರೆ ನಗು ಬರಬಹುದು. ಆದರೆ 'ಲಾಯ್ಡ್ ಲೂಮ್' ಕುರ್ಚಿಗಳಲ್ಲಿ ಕೆಲವು ಇಂದಿಗೂ ಗಟ್ಟಿಯಾಗಿವೆ.

ನಿಜವಾದ ಕೃತಕ ಎಳೆಗಳು ಹುಟ್ಟಿದ್ದು ಆ ಬಳಿಕ, ರಸಾಯನಶಾಸ್ತ್ರಜ್ಞರ ಪ್ರಯೋಗಶಾಲೆಗಳಲ್ಲಿ, ಬಹುಪಾಲು ಆಕಸ್ಮಿಕವಾಗಿ. 1926ರಲ್ಲಿ ಅಮೆರಿಕದ ವಾಲ್ಡೊ ಸೆಮನ್ ಬಿರುಸಾದ ಪಿ.ವಿ.ಸಿ.ಯನ್ನು ಮೆದುಗೊಳಿಸುವ ಉಪಾಯ ಕಂಡರು. 1933ರಲ್ಲಿ ಇಂಗ್ಲೆಂಡಿನ ಗಿಬ್ಸನ್ ಮತ್ತು ಫಾಸೆಟ್ ಬೇರೇನನ್ನೋ ಮಾಡಲು ಹೋದಾಗ ಪಾತ್ರೆಯಲ್ಲಿ ಬಿಳಿಯ ಮೇಣದಂತಹ ವಸ್ತು ಉಳಿಯಿತು, ಅದೇ ಪಾಲಿಥೀನ್. ಅದೇ ವರ್ಷ ಅಮೆರಿಕದ ಡೌ ಕಂಪನಿಯಲ್ಲಿ ಪಾತ್ರೆ ತೊಳೆಯುತ್ತಿದ್ದ ರಾಲ್ಫ್ ವೈಲಿ ಎಂಬ ವಿದ್ಯಾರ್ಥಿಗೆ ಎಷ್ಟು ಉಜ್ಜಿದರೂ ಹೋಗದ ಕಲೆಯೊಂದು ಸಿಕ್ಕಿತು. ಮುಂದೆ 'ಸರಾನ್' ಎಂಬ ಹೆಸರಿನಿಂದ ಪ್ರಸಿದ್ಧವಾಗಿ ವಾಹನದ ಆಸನಗಳಿಗೂ ಹೊರಾಂಗಣದ ಕುರ್ಚಿಗಳ ಪಟ್ಟಿಗಳಿಗೂ ಬಳಕೆಯಾದ ಪ್ಲಾಸ್ಟಿಕ್ ಅದೇ. 1935ರಲ್ಲಿ ನೈಲಾನ್, 1941ರಲ್ಲಿ ಪಾಲಿಯೆಸ್ಟರ್ ಎಳೆ, 1953ರಲ್ಲಿ ಜರ್ಮನಿಯ ಕಾರ್ಲ್ ಝೀಗ್ಲರ್ ಅವರ ಪ್ರಯೋಗಗಳಿಂದ ಗಟ್ಟಿ ಬಗೆಯ ಪಾಲಿಥೀನ್ ಬಂದವು. ಅಂಗಡಿಯವರು ಎಚ್.ಡಿ.ಪಿ.ಇ. ಎನ್ನುವುದು ಈ ಕೊನೆಯದನ್ನೇ. 1963ರಲ್ಲಿ ಝೀಗ್ಲರ್ ಅವರಿಗೆ ಇಟಲಿಯ ನಾಟ್ಟಾ ಅವರೊಡನೆ ನೊಬೆಲ್ ಪುರಸ್ಕಾರ ಸಂದಿತು.

ಯುದ್ಧದ ನಂತರ ಅಮೆರಿಕದಲ್ಲಿ ಅಲ್ಯುಮಿನಿಯಂ ಕೊಳವೆಗೆ ಪಟ್ಟಿ ಹೆಣೆದ ಮಡಚುವ ಕುರ್ಚಿಗಳು ಮನೆಯಂಗಳಗಳನ್ನು ತುಂಬಿದವು. 1950ರ ದಶಕದಲ್ಲಿ ಮೆಕ್ಸಿಕೋ ದೇಶದ ಅಕಾಪುಲ್ಕೋ ಕುರ್ಚಿ ಹೆಸರಾಯಿತು. ಉಕ್ಕಿನ ಬಳೆಗೆ ಪಿ.ವಿ.ಸಿ. ದಾರಗಳನ್ನು ಸೂರ್ಯಕಿರಣಗಳಂತೆ ಬಿಗಿದ ಆ ಕುರ್ಚಿಯನ್ನು ನಮ್ಮ ವಾಯರು ಕುರ್ಚಿಯ ದೂರದ ನೆಂಟನೆನ್ನಬಹುದು. ಆದರೆ ಬೆತ್ತವನ್ನೇ ಹೋಲುವ ಪ್ಲಾಸ್ಟಿಕ್ ಹೆಣಿಗೆಗೆ ಜಗತ್ತಿನ ಮಾರುಕಟ್ಟೆಯಲ್ಲಿ ಗೌರವ ತಂದುಕೊಟ್ಟವರಲ್ಲಿ ಪ್ರಮುಖರು ಬಾಬಿ ಡೆಕೈಸರ್. ಜರ್ಮನಿಯ ಬಯರ್ನ್ ಮ್ಯೂನಿಕ್ ತಂಡದಲ್ಲಿ ಗೋಲ್ ರಕ್ಷಕರಾಗಿದ್ದ ಅವರು ಗಾಯಗೊಂಡು ಆಟವನ್ನು ಬಿಟ್ಟು 1990ರಲ್ಲಿ ಡೆಡಾನ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಮೊದಲು ಮಾರಲು ಹೋದದ್ದು ಹಿಮದ ಮೇಲೆ ಜಾರುವ ಹಲಗೆಗಳನ್ನು! ಅದು ಕೈಹಿಡಿಯಲಿಲ್ಲ. ಬಳಿಕ ಪಾಲಿಥೀನ್ ಎಳೆಯನ್ನು ಜರ್ಮನಿಯಲ್ಲಿ ತಯಾರಿಸಿ ಫಿಲಿಪ್ಪೀನ್ಸಿನ ಸೆಬು ದ್ವೀಪದ ಬೆತ್ತದ ಕುಶಲಕರ್ಮಿಗಳಿಂದ ಹೆಣೆಸತೊಡಗಿದರು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಎಳೆಯನ್ನು ಯಂತ್ರ ಮಾಡುತ್ತದೆ: ಪ್ಲಾಸ್ಟಿಕ್ ಕಾಳುಗಳನ್ನು ಕರಗಿಸಿ, ಅಚ್ಚಿನ ಬಾಯಿಂದ ಶ್ಯಾವಿಗೆಯಂತೆ ಒತ್ತಿ, ನೀರಿನಲ್ಲಿ ತಣಿಸುತ್ತದೆ. ಆದರೆ ಕುರ್ಚಿಯ ತಿರುವುಗಳಲ್ಲಿ, ತೋಳಿನ ಬಾಗುಗಳಲ್ಲಿ ನೂರಾರು ಮೀಟರ್ ಪಟ್ಟಿಯನ್ನು ಎಳೆದು ಹೆಣೆಯುವುದು ಇಂದಿಗೂ ಮನುಷ್ಯರ ಬೆರಳುಗಳೇ.

ಬಿಸಿಲು ಮಾಡುವ ಕೆಲಸ

ಪ್ಲಾಸ್ಟಿಕ್ ಎಂದರೆ ಉದ್ದುದ್ದನೆಯ ಅಣುಸರಪಳಿಗಳ ಗಂಟು. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ಗಾಳಿಯ ಆಮ್ಲಜನಕದೊಡನೆ ಸೇರಿ ಈ ಸರಪಳಿಗಳನ್ನು ಕೊಂಡಿಕೊಂಡಿಯಾಗಿ ಕತ್ತರಿಸುತ್ತವೆ. ಸರಪಳಿ ಗಿಡ್ಡವಾದಂತೆ ಬಾಗುವ ಗುಣ ಹೋಗಿ ಮುರಿಯುವ ಗುಣ ಬರುತ್ತದೆ. ಮೇಲ್ಪದರ ಸವೆದು ಒಳಗಿನ ಬಣ್ಣದ ಪುಡಿಯೂ ಸುಣ್ಣದ ಪುಡಿಯೂ ಹೊರಬೀಳುತ್ತವೆ. ನಾವು ಧೂಳೆಂದು ಒರೆಸುತ್ತಿದ್ದ ಬಿಳಿಯ ಪುಡಿ ಅದೇ. ಕುರ್ಚಿ ಮುರಿಯುವ ಮುನ್ನ ತಿಂಗಳುಗಟ್ಟಲೆ ಎಚ್ಚರಿಕೆ ಕೊಟ್ಟಿತ್ತು. ಓದಲು ನಮಗೆ ಬರಲಿಲ್ಲ.

ಇದನ್ನು ತಡೆಯಲು ಸಾಧ್ಯವಿಲ್ಲವೇ? ಇದೆ. ಎಳೆ ತಯಾರಿಸುವಾಗಲೇ ಕಿರಣಗಳನ್ನು ಹೀರುವ ಅಥವಾ ಅವುಗಳ ಕೆಡುಕನ್ನು ತಡೆಯುವ ರಾಸಾಯನಿಕಗಳನ್ನು ಬೆರೆಸಬೇಕು. ಎಲ್ಲಕ್ಕಿಂತ ಅಗ್ಗದ, ಬಲವಾದ ರಕ್ಷಕವೆಂದರೆ ಕಾರ್ಬನ್ ಬ್ಲ್ಯಾಕ್ ಎಂಬ ನಯವಾದ ಮಸಿ. ಹೊಲದಲ್ಲಿ ಬಿಸಿಲಿಗೆ ಬಿದ್ದಿರುವ ನೀರಾವರಿ ಕೊಳವೆ, ಮಾಳಿಗೆಯ ಮೇಲಿನ ನೀರಿನ ಟಾಕಿ ಇವು ಬಹುಮಟ್ಟಿಗೆ ಕಪ್ಪಾಗಿರುವ ಗುಟ್ಟು ಇದು. ನೂರಕ್ಕೆ ಎರಡು ಎರಡೂವರೆ ಪಾಲು ಮಸಿ ಸೇರಿದರೆ ಪಾಲಿಥೀನ್ ವರ್ಷಾನುಗಟ್ಟಲೆ ಬಿಸಿಲನ್ನು ತಾಳುತ್ತದೆ. ಕಂದು, ಬಿಳಿ, ಕೆನೆಬಣ್ಣದ ಪಟ್ಟಿಗಳಿಗೆ ಬೇರೆ ರಕ್ಷಕಗಳು ಬೇಕು, ಅವು ದುಬಾರಿ. ಬೆಲೆ ಇಳಿಸಬೇಕಾದಾಗ ತಯಾರಕರು ಮೊದಲು ಕೈಬಿಡುವುದು ಕಣ್ಣಿಗೆ ಕಾಣದ ಈ ವಸ್ತುವನ್ನೇ.

ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. 'ವಿದೇಶದಲ್ಲಿ ಪರೀಕ್ಷಿಸಿದ್ದು' ಎಂಬ ಚೀಟಿಯನ್ನು ಕಂಡು ನಾವು ಮರುಳಾಗುತ್ತೇವೆ. ಜರ್ಮನಿಯಲ್ಲಿ ಒಂದು ಚದರ ಮೀಟರ್ ನೆಲದ ಮೇಲೆ ವರ್ಷಕ್ಕೆ ಬೀಳುವ ಸೌರಶಕ್ತಿ ಸುಮಾರು 1,100 ಕಿಲೋವ್ಯಾಟ್ ಗಂಟೆಯಷ್ಟು. ನಮ್ಮ ಉತ್ತರ ಕರ್ನಾಟಕದಲ್ಲಿ ಅದು ಸುಮಾರು 2,000. ಅಲ್ಲಿ ಐದು ವರ್ಷ ಬಾಳುವ ಎಳೆ ಇಲ್ಲಿಯೂ ಐದು ವರ್ಷ ಬಾಳಬೇಕೆಂಬ ನಿಯಮವೇನೂ ಇಲ್ಲ.

ಪಿ.ವಿ.ಸಿ.ಯ ಕಥೆ ಸ್ವಲ್ಪ ಬೇರೆ. ಅದು ಸ್ವಭಾವತಃ ಬಿರುಸು. ಎಣ್ಣೆಯಂತಹ ದ್ರವಗಳನ್ನು ಬೆರೆಸಿ ಅದನ್ನು ಮೆದುಗೊಳಿಸಿರುತ್ತಾರೆ. ಹೊಸ ರೇನ್‌ಕೋಟಿನಿಂದ ಬರುವ ವಾಸನೆಯನ್ನು ನೆನಪಿಸಿಕೊಂಡರೆ ಸಾಕು. ಕಾಲಕ್ರಮದಲ್ಲಿ ಆ ದ್ರವ ಹೊರಗೆ ಜಿನುಗಿ ಆರಿಹೋಗುತ್ತದೆ. ಮೊದಲು ಕೈಗೆ ಅಂಟಂಟಾಗುತ್ತದೆ, ಬಳಿಕ ಗರಿಗರಿಯಾಗಿ ಸೀಳುತ್ತದೆ. ಹಳೆಯ ವಾಯರು ಕುರ್ಚಿಗಳ ವಾಯರು ಕೊನೆಗಾಲದಲ್ಲಿ ತುಂಡಾಗುತ್ತಿದ್ದುದೂ ಹೀಗೆಯೇ.

ಅದೇ ಪಿ.ವಿ.ಸಿ.ಯನ್ನು ಪಾಲಿಯೆಸ್ಟರ್ ನೂಲಿಗೆ ಲೇಪಿಸಿ, ಜಾಲರಿ ಬಟ್ಟೆಯಾಗಿ ನೇಯ್ದು, ಬಿಸಿಯಿಂದ ಎಳೆಗಳು ಕೂಡುವಲ್ಲೆಲ್ಲ ಅಂಟಿಸಿದರೆ ಅದು ಬೇರೆಯೇ ವಸ್ತು. ಈಜುಕೊಳಗಳ ಬದಿಯ ಒರಗು ಕುರ್ಚಿಗಳಲ್ಲಿ ಇದನ್ನು ಕಾಣಬಹುದು. ಭಾರವನ್ನು ಹೊರುವುದು ಒಳಗಿನ ಪಾಲಿಯೆಸ್ಟರ್. ಹೊರಗಿನ ಲೇಪ ಬಿಸಿಲಿಗೆ ಕೊಡೆ ಹಿಡಿಯುತ್ತದೆ. ನೀರು ಕೆಳಗೆ ಸೋರಿಹೋಗುತ್ತದೆ, ಗಾಳಿಯಾಡುತ್ತದೆ, ಮೇಲಾಗಿ ಹಠಾತ್ತನೆ ಮುರಿಯುವುದು ಅಪರೂಪ. ನೋಟಕ್ಕೆ ಅಂದವಿಲ್ಲವೆಂಬುದು ನಿಜ. ವೃದ್ಧರಿರುವ ಮನೆಗೆ ಯಾವುದೆಂದು ನಮ್ಮನ್ನು ಕೇಳಿದರೆ ನಾವು ಹೇಳುವುದು ಇದನ್ನೇ.

ನವಾರದ ವಿಷಯದಲ್ಲಿ 'ನೈಲಾನ್' ಎಂಬ ಹೆಸರು ಬಹಳ ಸಡಿಲವಾಗಿ ಬಳಕೆಯಾಗುತ್ತದೆ. ನಿಜವಾದ ನೈಲಾನ್ ತುಸು ನೀರು ಹೀರಿ ಹಿಗ್ಗುತ್ತದೆ, ಆದ್ದರಿಂದ ಮಳೆಗಾಲದಲ್ಲಿ ಮಂಚ ತೊಟ್ಟಿಲಿನಂತೆ ಜೋಲುತ್ತದೆ. ಪೇಟೆಯಲ್ಲಿ ಆ ಹೆಸರಿನಿಂದ ಸಿಗುವ ಹೊಳಪಿನ ಪಟ್ಟಿಗಳಲ್ಲಿ ಎಷ್ಟೋ ಪಾಲಿಪ್ರೊಪಿಲೀನಿನವು. ಅವು ನೀರನ್ನು ಹೀರುವುದಿಲ್ಲ, ಆದರೆ ರಕ್ಷಕ ಬೆರೆಸದಿದ್ದರೆ ಬಿಸಿಲಿಗೆ ಎಲ್ಲಕ್ಕಿಂತ ಬೇಗ ಪುಡಿಯಾಗುತ್ತವೆ.

ಬಟ್ಟಲು ನೀರಿನ ಪರೀಕ್ಷೆ

ಅಂಗಡಿಯಲ್ಲಿ ಪ್ರಯೋಗಶಾಲೆ ಇರುವುದಿಲ್ಲ. ಆದರೆ ಒಂದು ಬಟ್ಟಲು ನೀರು ಇರಬಹುದು. ಪಟ್ಟಿಯ ಒಂದು ಅಂಗುಲ ತುಂಡನ್ನು ಕೇಳಿ ಪಡೆದು, ಗಾಳಿಗುಳ್ಳೆಗಳು ಅಂಟದಂತೆ ಒಂದು ಹನಿ ಸೋಪು ಬೆರೆಸಿದ ನೀರಿನಲ್ಲಿ ಅದನ್ನು ಮುಳುಗಿಸಿ ಬಿಡಿರಿ. ಪಾಲಿಥೀನ್, ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ. ತೇಲಿ ಮೇಲೆ ಬರುತ್ತವೆ. ಪಿ.ವಿ.ಸಿ., ನೈಲಾನ್, ಪಾಲಿಯೆಸ್ಟರ್ ಮುಳುಗುತ್ತವೆ. ಅಗ್ಗವಾಗಲೆಂದು ಸುಣ್ಣದ ಪುಡಿಯನ್ನು ವಿಪರೀತ ತುಂಬಿದ ಪಾಲಿಥೀನ್ ಕೂಡ ಮುಳುಗುವುದುಂಟು. 'ಎಚ್.ಡಿ.ಪಿ.ಇ.' ಎಂದು ಹೇಳಿ ಮಾರುವ ಪಟ್ಟಿ ತಳ ಸೇರಿದರೆ ಮಾತು ಸುಳ್ಳೆಂದಾಯಿತು. ನಮ್ಮ ಮುರಿದ ಕುರ್ಚಿಯ ತುಂಡನ್ನು ಹಾಕಿ ನೋಡಿದೆವು. ಕಲ್ಲಿನಂತೆ ಮುಳುಗಿತು. ಈ ಪರೀಕ್ಷೆ ವಸ್ತುವನ್ನು ಹೇಳುತ್ತದೆಯೇ ಹೊರತು ಬಿಸಿಲಿನ ರಕ್ಷಕ ಬೆರೆಸಿದೆಯೇ ಎಂಬುದನ್ನು ಹೇಳದು ಎಂಬುದೂ ನೆನಪಿರಲಿ. ಅದಕ್ಕೆ ಬರೆದುಕೊಟ್ಟ ಖಾತರಿಯೇ ಬೇಕು; ಅದರಲ್ಲಿ 'ಬಿಸಿಲಿನಲ್ಲಿ ಇಡುವ ಬಳಕೆಗೆ' ಎಂಬ ಮಾತು ಇರಲೇಬೇಕು.

ಚೌಕಟ್ಟನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಅಯಸ್ಕಾಂತ ಹಿಡಿದರೆ ಅಂಟಿಕೊಳ್ಳುವುದು ಕಬ್ಬಿಣ. ಹೆಣಿಗೆಯ ಮರೆಯಲ್ಲಿ ಅದು ತುಕ್ಕು ಹಿಡಿಯುವುದು ಹೊರಗೆ ಕಾಣುವುದಿಲ್ಲ. ಅಲ್ಯುಮಿನಿಯಂಗೆ ಆ ಭಯವಿಲ್ಲ.

ಒಲೆಗೆ ಹಾಕಿದ ತಪ್ಪು

ಮುರಿದ ಪಟ್ಟಿಗಳನ್ನು ಏನು ಮಾಡಿದೆವು? ನಾಚಿಕೆಯಿಂದಲೇ ಬರೆಯುತ್ತಿದ್ದೇವೆ. ಮೊದಲ ಹಿಡಿಯನ್ನು ಬಚ್ಚಲ ಒಲೆಗೆ ಹಾಕಿದೆವು. ಹಳ್ಳಿಗಳಲ್ಲಿಯೂ ಸಣ್ಣ ಊರುಗಳಲ್ಲಿಯೂ ಹಂಡೆಯ ಕೆಳಗೆ ತೆಂಗಿನ ಗರಿ, ರದ್ದಿ ಕಾಗದಗಳ ಜೊತೆಗೆ ಹಳೆಯ ಚಪ್ಪಲಿ, ವಾಯರು, ಪ್ಲಾಸ್ಟಿಕ್ ಚೀಲಗಳೂ ಸೇರುವುದು ಸಾಮಾನ್ಯವಷ್ಟೆ. ಕ್ಷಣಮಾತ್ರದಲ್ಲಿ ಕಪ್ಪು ಹೊಗೆಯೆದ್ದು ಕಣ್ಣು ಉರಿಯಿತು, ಗಂಟಲು ಕಟ್ಟಿತು. ಒಳಕೋಣೆಯಲ್ಲಿ ಮಲಗಿದ್ದ ತಾಯಿಯವರು ಕೆಮ್ಮುತ್ತ ಎದ್ದು ಬಂದರು.

ಪಿ.ವಿ.ಸಿ.ಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ, ನಿಖರವಾಗಿ ನೂರಕ್ಕೆ ಸುಮಾರು 57 ಪಾಲು, ಕ್ಲೋರಿನ್. ಸುಟ್ಟಾಗ ಅದು ಹೈಡ್ರೋಜನ್ ಕ್ಲೋರೈಡ್ ಅನಿಲವಾಗಿ ಹೊರಬರುತ್ತದೆ. ಕಣ್ಣು, ಮೂಗು, ಶ್ವಾಸಕೋಶಗಳ ತೇವ ತಗುಲಿದೊಡನೆ ಅದು ಹೈಡ್ರೋಕ್ಲೋರಿಕ್ ಆಮ್ಲ. ಇಷ್ಟೇ ಆದರೆ ಕೆಮ್ಮಿ ಸುಧಾರಿಸಿಕೊಳ್ಳಬಹುದಿತ್ತು. ಒಲೆಯ ಅರೆಬೆಂಕಿಯಲ್ಲಿ ಡಯಾಕ್ಸಿನ್ ಎಂಬ ವಿಷಗಳೂ ಹುಟ್ಟುತ್ತವೆ. ಇವು ಕೊಬ್ಬಿನಲ್ಲಿ ಸೇರಿ ಶರೀರದಲ್ಲಿ ವರ್ಷಗಟ್ಟಲೆ ಉಳಿಯುತ್ತವೆ, ಆಕಳ ಹಾಲಿನಲ್ಲಿಯೂ ತಾಯಿಯ ಹಾಲಿನಲ್ಲಿಯೂ ಇಳಿಯುತ್ತವೆ; ಇವುಗಳಲ್ಲಿ ಅತ್ಯಂತ ಘೋರವಾದುದು ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1997ರಲ್ಲಿಯೇ ವರ್ಗೀಕರಿಸಿದೆ. ಒಲೆಯ ಬೂದಿಯಲ್ಲಿಯೂ ಅವು ಉಳಿಯುತ್ತವೆ. ಆ ಬೂದಿಯನ್ನು ನಾವು ಪಾತ್ರೆಗೂ ಬದನೆಗಿಡಕ್ಕೂ ಬಳಸುತ್ತೇವೆ! ಉಳಿದ ಪಟ್ಟಿಗಳನ್ನು ಚೀಲಕ್ಕೆ ತುಂಬಿ ಒಣಕಸದ ಗಾಡಿಗೆ ಕೊಟ್ಟೆವು. ಗುಜರಿಯವರು ಅಲ್ಯುಮಿನಿಯಂ ಕೇಳಿದರೇ ಹೊರತು ಪಟ್ಟಿಯನ್ನು ಮುಟ್ಟಲಿಲ್ಲ. ಬಣ್ಣ, ಪುಡಿ ಬೆರೆತ ಇಂತಹ ಪ್ಲಾಸ್ಟಿಕ್ಕಿಗೆ ಮರುಬಳಕೆಯ ಬೆಲೆ ಇಲ್ಲ.

ಬೆರಳುಗಳ ಪಾಡು

ಕಲ್ಯಾಣದ ಶರಣರಲ್ಲಿ ಮೇದಾರ ಕೇತಯ್ಯನವರು ಬಿದಿರು ಸೀಳಿ ಬುಟ್ಟಿ ಹೆಣೆದವರು. ನುಲಿಯ ಚಂದಯ್ಯನವರು ನುಲಿ ಹೊಸೆದವರು. ಆ ಎರಡು ಕಾಯಕಗಳೂ ಇಂದು ಪ್ಲಾಸ್ಟಿಕ್ಕಿನ ಎದುರು ನಿಂತಿವೆ. ಇನ್ನೊಂದು ವರ್ಗದವರನ್ನು ನಾವು ಮರೆತೇಬಿಟ್ಟಿದ್ದೇವೆ. ನಮ್ಮ ದೇಶದ ಅಂಧರ ಶಾಲೆಗಳಲ್ಲಿ ಬೆತ್ತದ ಹೆಣಿಗೆಯನ್ನು ಜೀವನೋಪಾಯವಾಗಿ ಕಲಿಸುತ್ತಿದ್ದ ಕಾಲವೊಂದಿತ್ತು. ಕಚೇರಿ, ಶಾಲೆ, ರೈಲು ನಿಲ್ದಾಣಗಳ ಬೆತ್ತದ ಆಸನಗಳು ಹರಿದಾಗಲೆಲ್ಲ ಅವರ ಕೈಗೆ ಬರುತ್ತಿದ್ದವು. ಏಳು ಹಂತಗಳಲ್ಲಿ ಎಳೆ ಹಾಯಿಸಿ ಎಂಟು ಮೂಲೆಯ ಕಿಂಡಿಗಳನ್ನು ಮೂಡಿಸುವ ಆ ಹೆಣಿಗೆಗೆ ಕಣ್ಣು ಬೇಕಿರಲಿಲ್ಲ, ಬೆರಳ ತುದಿಯ ಎಣಿಕೆ ಸಾಕಿತ್ತು. ಅಚ್ಚಿನಲ್ಲಿ ಎರಕಹೊಯ್ದ ಪ್ಲಾಸ್ಟಿಕ್ ಕುರ್ಚಿ ಬಂದೊಡನೆ ಆ ಕೆಲಸ ಸದ್ದಿಲ್ಲದೆ ಕರಗಿತು.

ಇತ್ತ ಬೆತ್ತ ಬೆಳೆಯುವ ನಾಡಿನಲ್ಲಿಯೂ ನೆಮ್ಮದಿಯಿಲ್ಲ. ತನ್ನ ಕುರ್ಚಿ ಉದ್ಯಮಕ್ಕೆ ನೆರವಾಗಲೆಂದು ಇಂಡೋನೇಷ್ಯಾ ಕಚ್ಚಾ ಬೆತ್ತದ ರಫ್ತನ್ನು 1980ರ ದಶಕದಲ್ಲೊಮ್ಮೆ, 2012ರಲ್ಲಿ ಮತ್ತೊಮ್ಮೆ ನಿಷೇಧಿಸಿತು. ಸುಲವೇಸಿ, ಕಾಲಿಮಂತಾನ್ ಕಾಡಂಚಿನ ಸಂಗ್ರಾಹಕರಿಗೆ ಒಂದು ಕಡೆ ಇದು, ಇನ್ನೊಂದು ಕಡೆ ಕೃತಕ ಬೆತ್ತದ ಪೈಪೋಟಿ. ಬೆತ್ತ ಬೆಳೆಯಲು ಅದು ಏರುವ ಮರ ನಿಂತಿರಬೇಕು. ಬೆತ್ತಕ್ಕೆ ಬೆಲೆಯಿದ್ದರೆ ಕಾಡು ನಿಲ್ಲುತ್ತದೆ, ಇಲ್ಲದಿದ್ದರೆ ಆ ನೆಲಕ್ಕೆ ತಾಳೆ ಎಣ್ಣೆಯ ತೋಟ ಬರುತ್ತದೆ. ಪ್ಲಾಸ್ಟಿಕ್ ಬೆತ್ತ ಕಾಡನ್ನು ಉಳಿಸುತ್ತದೆಂಬ ಜಾಹೀರಾತಿನ ಮಾತನ್ನು ನಾವು ಅಷ್ಟು ಸುಲಭವಾಗಿ ಒಪ್ಪಲಾರೆವು.

ನಮ್ಮ ಕುರ್ಚಿಗಳ ಅಲ್ಯುಮಿನಿಯಂ ಚೌಕಟ್ಟು ಕೆಟ್ಟಿರಲಿಲ್ಲ. ಸಂತೆಯ ರಸ್ತೆಯ ಬದಿಗೆ ಕುಳಿತು ಹಳೆಯ ಕುರ್ಚಿ, ಮಂಚಗಳನ್ನು ಹೆಣೆದುಕೊಡುವ ವೃದ್ಧರೊಬ್ಬರನ್ನು ಮನೆಗೆ ಕರೆತಂದೆವು. ಮೂರು ಬಗೆಯ ಪಟ್ಟಿಗಳನ್ನು ಎದುರಿಗಿಟ್ಟು, "ಯಾವದು ಹಾಕಲ್ರಿ, ಅವ್ವಾರ?" ಎಂದು ತಾಯಿಯವರನ್ನೇ ಕೇಳಿದರು. "ಮುರೀಲಾರದ್ದು ಹಾಕಪಾ" ಎಂದರು ತಾಯಿಯವರು. ನಾವು ಬಟ್ಟಲು ನೀರು ತಂದಿಟ್ಟೆವು. ಅವರು ನಕ್ಕು, ಪಟ್ಟಿಯನ್ನು ಎರಡಾಗಿ ಮಡಿಸಿ ಉಗುರಿನಿಂದ ಒತ್ತಿ ಹಿಡಿದು ನೋಡಿದರು. ಮಡಿಕೆಯಲ್ಲಿ ಬಿಳಿಗೆರೆ ಮೂಡಿದ ಎರಡನ್ನು ಪಕ್ಕಕ್ಕೆ ಎಸೆದರು. ಉಳಿದ ಕಪ್ಪು ಪಟ್ಟಿಯ ತುಂಡನ್ನು ನೀರಿಗೆ ಹಾಕಿದೆವು. ತೇಲಿತು.

ಎರಡು ಕುರ್ಚಿಗಳಿಗೆ ಎರಡೂವರೆ ದಿನ ಹಿಡಿಯಿತು. ಆಸನದ ಕೆಳಗೆ ಅಡ್ಡಲಾಗಿ ಪಾಲಿಯೆಸ್ಟರ್ ಪಟ್ಟಿಗಳನ್ನು ಬಿಗಿಯುವುದು ಅವರದೇ ಸಲಹೆ. ಮೇಲಿನ ಹೆಣಿಗೆ ಹೋದರೂ ಕುಳಿತವರು ಬೀಳುವುದಿಲ್ಲ. ಕುರ್ಚಿಗಳೀಗ ಮಾಳಿಗೆಯಲ್ಲಿಲ್ಲ, ತಗಡಿನ ನೆರಳಿರುವ ಮುಂಗಟ್ಟೆಯ ಮೇಲಿವೆ. ಪ್ರತಿ ಯುಗಾದಿಗೊಮ್ಮೆ ಸೋಪುನೀರಿನಲ್ಲಿ ತೊಳೆದು, ಒಂದು ಎಳೆಯನ್ನು ಮಡಿಸಿ ನೋಡುತ್ತೇವೆ. ತಾಯಿಯವರು ಮೊದಲ ಕೆಲವು ವಾರ ತೋಳಿಗೆ ಕೈಯಿಟ್ಟು, ಅರ್ಧ ಕುಳಿತು, ಸದ್ದು ಬರುತ್ತದೆಯೇ ಎಂದು ಆಲಿಸಿ ಅನಂತರವೇ ಹಿಂದಕ್ಕೆ ಒರಗುತ್ತಿದ್ದರು.